ಬಾಡಿಗೆ ಮನೆಯಲ್ಲಿರುವವರಿಗೆ ದೇವರ ಬಾಧ್ಯತೆ ಸಿಕ್ಕಿಲ್ಲವೇ?

ಪ್ರಶ್ನೆ: ಮದುವೆಯಾದಾಗಿನಿಂದ ನಾವು ಬಾಡಿಗೆ ಮನೆಯಲ್ಲೇ ಇದ್ದೇವೆ. ಒಂದು ಪ್ರಾರ್ಥನಾ ಕೂಟದಲ್ಲಿ ಬೋಧಕರು, "ನೀವು ಅಬ್ರಹಾಮನ ಮಕ್ಕಳು. ಮನೆ, ಜಮೀನು ನಿಮ್ಮ ಬಾಧ್ಯತೆ, ಅಂದರೆ ತಂದೆಯಾದ ದೇವರಿಂದ ಮಕ್ಕಳಿಗೆ ಬರುವ ಆಸ್ತಿಯ ಪಾಲು. ವಿಶೇಷ ಕಾಣಿಕೆ ಕೊಟ್ಟು ನಂಬಿಕೆಯಿಂದ ಕೇಳಿ" ಎಂದರು. ನಮ್ಮ ಅತ್ತೆ ಮಾತ್ರ, ಬಾಧ್ಯತೆ ಸಿಗುವುದು ಸತ್ತ ಮೇಲೆ ಪರಲೋಕದಲ್ಲಿ, ಇಲ್ಲಿ ಏನೂ ಇಲ್ಲ ಅಂತಾರೆ. ಯಾವುದು ಸರಿ? ಮನೆ ಆಗದಿರುವುದಕ್ಕೆ ನಮ್ಮ ನಂಬಿಕೆ ಕಡಿಮೆ ಇರುವುದೇ ಕಾರಣವೇ?

ಉತ್ತರ: ಸಹೋದರಿ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಖಂಡಿತ ಅಲ್ಲ. ಅಬ್ರಹಾಮನ ಕಥೆಯನ್ನು ಕೊನೆತನಕ ಓದಿದರೆ ಸಾಕು, ಇದು ಗೊತ್ತಾಗುತ್ತದೆ.

ಕಾನಾನ್ ದೇಶವನ್ನು ಕೊಡುತ್ತೇನೆಂದು ದೇವರು ಅವನಿಗೆ ಮಾತು ಕೊಟ್ಟರು. ಆದರೂ ಅವನು ಅಲ್ಲಿ ಗುಡಾರದಲ್ಲೇ ಬದುಕಿದ. ಸಾರಳು ತೀರಿಕೊಂಡಾಗ ಅವಳನ್ನು ಹೂಳಲು ಅವನಿಗೆ ಸ್ವಂತ ನೆಲ ಇರಲಿಲ್ಲ. ಹಿತ್ತಿಯನಾದ ಎಫ್ರೋನನಿಗೆ 400 ಶೆಕೆಲ್ ಬೆಳ್ಳಿ ತೂಗಿ ಕೊಟ್ಟು ಮಕ್ಪೇಲದ ಹೊಲವನ್ನೂ ಅದರಲ್ಲಿದ್ದ ಗವಿಯನ್ನೂ ಕೊಂಡ (ಆದಿಕಾಂಡ 23). ದೇವರು ಕೊಡುತ್ತೇನೆಂದ ದೇಶದಲ್ಲೇ ಹೆಂಡತಿಯ ಸಮಾಧಿಗೆ ದುಡ್ಡು ಕೊಟ್ಟು ಜಾಗ ಕೊಳ್ಳಬೇಕಾಯಿತು! ಅವನು ಬಡವನೇನೂ ಅಲ್ಲ. ದನಕುರಿ, ಬೆಳ್ಳಿ ಬಂಗಾರ ಬೇಕಾದಷ್ಟಿತ್ತು. ಆದರೆ ಬೈಬಲ್ ಆ ಸಂಪತ್ತನ್ನು ಅವನ ಬಾಧ್ಯತೆ ಎಂದು ಕರೆಯುವುದಿಲ್ಲ. ಅವನೂ ಅವನ ಮನೆಯವರೂ ವಾಗ್ದಾನದ ಫಲವನ್ನು ದೂರದಿಂದ ನೋಡಿ, ಕೈಗೆ ಸಿಗದೆಯೇ ಸತ್ತರು ಎಂದು ಇಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯ ಹೇಳುತ್ತದೆ. ಅದು ನಂಬಿಕೆಯ ಬಗ್ಗೆಯೇ ಇರುವ ಅಧ್ಯಾಯ ಅಲ್ವಾ? ಹಾಗಿದ್ದ ಮೇಲೆ, ಮನೆ ಆಗಲಿಲ್ಲ ಎಂದು ನಿಮ್ಮ ನಂಬಿಕೆಯನ್ನು ಅಳೆಯಲು ಯಾರಿಗೂ ಅಧಿಕಾರವಿಲ್ಲ.

ಕಾಣಿಕೆಯ ಮಾತು ನನಗೆ ನಿಜಕ್ಕೂ ನೋವು ತಂದಿತು. ದೇವರು ಅಬ್ರಹಾಮನಿಗೆ ಬಾಧ್ಯತೆಯನ್ನು ವಾಗ್ದಾನದಿಂದ ಉಚಿತವಾಗಿ ಕೊಟ್ಟರು ಎಂದು ಪೌಲ ಗಲಾತ್ಯದವರಿಗೆ ಬರೆಯುತ್ತಾನೆ (3:18). ನಾವು ಮಕ್ಕಳಾದ್ದರಿಂದಲೇ ಬಾಧ್ಯರು. ಅದಕ್ಕೆ ಬೆಲೆ ಕಟ್ಟುವ ಹಾಗಿಲ್ಲ.

ಹಾಗಾದರೆ ಬಾಧ್ಯತೆ ಎಂದರೆ ಏನು? ಇದಕ್ಕೆ ಲೇವಿಯರನ್ನು, ಅಂದರೆ ಇಸ್ರಾಯೇಲ್ಯರಲ್ಲಿ ದೇವರ ಸೇವೆಗೆ ಮೀಸಲಾಗಿದ್ದ ಕುಲದವರನ್ನು ನೋಡಬೇಕು. ಇಸ್ರಾಯೇಲ್ಯರನ್ನು ಕಾನಾನಿಗೆ ನಡೆಸಿದ ಯೆಹೋಶುವನ ಕಾಲದಲ್ಲಿ ಚೀಟು ಹಾಕಿ ದೇಶವನ್ನು ಕುಲಗಳಿಗೆ ಹಂಚಿದರು. ಲೇವಿ ಕುಲಕ್ಕೆ ಮಾತ್ರ ಉಳಿದವರಂತೆ ಒಂದು ಪ್ರಾಂತ್ಯ ಸಿಗಲಿಲ್ಲ. ವಾಸಕ್ಕೆ 48 ಊರು, ಸುತ್ತ ಹುಲ್ಲುಗಾವಲು, ಊಟಕ್ಕೆ ಜನ ಕೊಡುವ ದಶಮಾಂಶ, ಅಷ್ಟೇ. ಅವರ ಪಾಲು ಏನು ಎಂದರೆ, ಯೆಹೋವನೇ ಅವರ ಸ್ವಾಸ್ತ್ಯ (ಬಾಧ್ಯತೆ) ಎಂದು ಧರ್ಮಶಾಸ್ತ್ರ ಹೇಳಿತು. ಬೇರೆಯವರಿಗೆ ಹೊಲ ಸಿಕ್ಕಿತು, ಇವರಿಗೆ ದೇವರೇ ಸಿಕ್ಕರು. 16ನೇ ಕೀರ್ತನೆಯಲ್ಲಿ ದಾವೀದನೂ ಇದೇ ಮಾತನ್ನು ಎತ್ತಿಕೊಳ್ಳುತ್ತಾನೆ. ಹೊಲ ಅಳೆಯುವ ಹಗ್ಗ ನನಗೆ ಒಳ್ಳೆಯ ಜಾಗದಲ್ಲೇ ಬಿತ್ತು ಎಂದು ಹಿಗ್ಗುತ್ತಾನೆ. ಅವನ ಪಾಲಿಗೆ ಬಂದದ್ದು ಯೆಹೋವನೇ. ನನ್ನ ತಿಳಿವಳಿಕೆಯಲ್ಲಿ ಇಡೀ ವಿಷಯದ ತಿರುಳು ಇಲ್ಲಿದೆ. ಕಾನಾನ್ ದೇಶವೂ ಬೇಕಾಗಿದ್ದದ್ದು ದೇವರ ಜೊತೆ ಬದುಕುವುದಕ್ಕೆ.

ಇನ್ನು ನಿಮ್ಮ ಅತ್ತೆಯವರ ಮಾತು. ಅದರಲ್ಲಿ ಅರ್ಧ ಸತ್ಯ ಇದೆ. ಕೆಡದ, ಬಾಡದ ಬಾಧ್ಯತೆ ಪರಲೋಕದಲ್ಲಿ ನಮಗಾಗಿ ಕಾದಿದೆ ಎಂದು ಪೇತ್ರ ಬರೆದಿದ್ದಾನೆ (1 ಪೇತ್ರ 1:4). ಆದರೆ ಯೇಸು, ಶಾಂತರು ಭೂಮಿಗೆ ಬಾಧ್ಯರಾಗುವರು ಎಂದೂ ಹೇಳಿದರು. ಪ್ರಕಟನೆ 21ರಲ್ಲಿ ಹೊಸ ಆಕಾಶದ ಜೊತೆ ಹೊಸ ಭೂಮಿ ಇದೆ, ದೇವರೇ ಮನುಷ್ಯರ ಮಧ್ಯೆ ವಾಸಕ್ಕೆ ಬರುತ್ತಾರೆ. ಅದೂ ಅಲ್ಲದೆ, ಇಲ್ಲಿ ಏನೂ ಇಲ್ಲ ಅನ್ನುವ ಹಾಗಿಲ್ಲ. ಪವಿತ್ರಾತ್ಮನು ನಮ್ಮ ಬಾಧ್ಯತೆಗೆ ಸಂಚಕಾರ ಎನ್ನುತ್ತಾನೆ ಪೌಲ (ಎಫೆಸ 1:14). ಸಂಚಕಾರ ಎಂದರೆ ಅಡ್ವಾನ್ಸ್. ಪೂರ್ತಿ ಹಣದಲ್ಲೇ ಒಂದು ಭಾಗ ಮುಂಚೆ ಕೈಗೆ ಬರುತ್ತದೆ. ಇವತ್ತು ಪ್ರಾರ್ಥನೆಯಲ್ಲಿ ನೀವು ದೇವರನ್ನು "ಅಪ್ಪಾ" ಎಂದು ಕರೆಯುತ್ತೀರಲ್ಲ, ಮುಂದೆ ಪೂರ್ತಿಯಾಗಿ ಸಿಗುವುದೂ ಅದೇ ಸಂಬಂಧ.

ಕೊಲೊಸ್ಸೆ ಪತ್ರದ ಒಂದು ಮಾತನ್ನು ಹೇಳದೆ ಇರಲಾರೆ. "ಕರ್ತನಿಂದ ನಿಮಗೆ ಬಾಧ್ಯತೆ ಸಿಗುತ್ತದೆ" ಎಂದು ಪೌಲ ಅಲ್ಲಿ ಹೇಳುವುದು ದಾಸರಿಗೆ (3:24). ರೋಮನ್ ಕಾನೂನಿನಲ್ಲಿ ದಾಸನಿಗೆ ಆಸ್ತಿಯ ಹಕ್ಕೇ ಇರಲಿಲ್ಲ. ಅವನೇ ಯಜಮಾನನ ಆಸ್ತಿ. ಆ ಸಭೆಯಲ್ಲಿ ಯಜಮಾನನ ಜೊತೆ ಕೂತು ಈ ಪತ್ರ ಓದುವುದನ್ನು ಕೇಳಿದ ದಾಸನಿಗೆ ಹೇಗನಿಸಿರಬೇಕು!

ಸ್ವಂತ ಮನೆಗಾಗಿ ನೀವು ಧಾರಾಳವಾಗಿ ಪ್ರಾರ್ಥಿಸಿ. ದಿನದ ಊಟಕ್ಕೂ ದೇವರನ್ನು ಕೇಳಿ ಎಂದು ಯೇಸುವೇ ಕಲಿಸಿದ್ದಾರೆ, ಅದರಲ್ಲಿ ತಪ್ಪಿಲ್ಲ. ಆದರೆ ಆ ವಿಶೇಷ ಕಾಣಿಕೆ ಕೊಡಬೇಡಿ. ಮನೆಗೆಂದು ಕೂಡಿಟ್ಟ ಹಣ ಮನೆಗೇ ಇರಲಿ. ಅತ್ತೆಯವರ ಜೊತೆ ಕೂತು ಇಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಿ.