ಯಾವ ಮರ ಅನ್ನುವ ಮೊದಲು ಎಲ್ಲಿ ಅಂತ ನೋಡಿ

ಮನೆ ಸುತ್ತ ಖಾಲಿ ಜಾಗ ಇದೆ, ಬೇಗ ಬೆಳೆದು ನೆರಳು ಕೊಡುವ ನಾಲ್ಕೈದು ಮರಗಳ ಹೆಸರು ಹೇಳಿ ಅಂತ ಕೇಳಿದ್ದೀರಿ. ಹೆಸರು ಆಮೇಲೆ. ನನಗೆ ಆ "ಬೇಗ" ಅನ್ನುವ ಮಾತಿನ ಮೇಲೇ ಅನುಮಾನ. ಸರಸರ ಅಂತ ಏರುವ ಮರಗಳ ಕೊಂಬೆ ಎಷ್ಟೋ ಸಲ ಮೆದು, ಜೋರು ಗಾಳಿಗೆ ಮುರಿದು ಬೀಳುವುದು ಜಾಸ್ತಿ. ಗುಲ್‌ಮೊಹರ್ ನೋಡಲು ಎಷ್ಟು ಚೆಂದ, ಅಲ್ವಾ? ಕಾರು ನಿಲ್ಲಿಸುವ ಕಡೆ ಮಾತ್ರ ನೆಡಬೇಡಿ.

ಮೊದಲು ಒಂದು ಗೂಟ, ಒಂದು ಹಗ್ಗ ತಗೊಳ್ಳಿ, ಮರ ನೆಡಬೇಕು ಅಂದುಕೊಂಡ ಜಾಗದಲ್ಲಿ ಗೂಟ ಹೊಡೆಯಿರಿ. ಪೂರ್ತಿ ಬೆಳೆದಾಗ 10 ಮೀಟರ್ ಹರಡುವ ಮರ ಅಂದರೆ ಗೂಟದಿಂದ 5 ಮೀಟರ್ ಹಗ್ಗ ಬಿಟ್ಟು ಸುತ್ತ ಗೆರೆ ಎಳೆಯಿರಿ. ಆ ಗೆರೆ ಗೋಡೆಗೋ ಪಕ್ಕದವರ ಜಾಗಕ್ಕೋ ಹೋಯಿತಾ? ಹಾಗಾದರೆ ಆ ಮರ ಅಲ್ಲಿಗೆ ಬೇಡ. ತಲೆ ಎತ್ತಿ ಕರೆಂಟ್ ತಂತಿಯನ್ನೂ ನೋಡಿ. ಇವತ್ತು ಮೊಣಕಾಲುದ್ದ ಇರುವ ಸಸಿಯನ್ನು ನೋಡಿ ಲೆಕ್ಕ ಹಾಕಿದರೆ ಮುಂದೆ ವರ್ಷಾ ವರ್ಷ ಗರಗಸ ಹಿಡಿದು ನಿಲ್ಲಬೇಕಾಗುತ್ತದೆ.

ನೆಲದ ಕೆಳಗಿನ ಕತೆ ಬೇರೆ. ಮೇಲೆ ಎಷ್ಟು ಎತ್ತರವೋ ಬೇರು ಅಷ್ಟೇ ಆಳ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಿಜವಾಗಿ ಹೆಚ್ಚಿನ ಬೇರುಗಳು ಮೇಲಿನ ಎರಡು ಅಡಿ ಮಣ್ಣಿನಲ್ಲೇ ಇರುತ್ತವೆ, ಆದರೆ ಕೊಂಬೆಗಳ ಹರವನ್ನೂ ದಾಟಿ ದೂರ ಹೋಗುತ್ತವೆ. ಗಟ್ಟಿಯಾಗಿರುವ ಪೈಪನ್ನು ಅವು ಸುಮ್ಮಸುಮ್ಮನೆ ಒಡೆಯುವುದು ಕಡಿಮೆ; ಎಲ್ಲಿ ಬಿರುಕು ಬಿಟ್ಟು ನೀರು ಜಿನುಗುತ್ತದೋ ಅಲ್ಲಿ ಒಳಗೆ ನುಗ್ಗುತ್ತವೆ. ಆಲ, ಅರಳಿ, ಅತ್ತಿ ಜಾತಿಯವು ಇದರಲ್ಲಿ ಎತ್ತಿದ ಕೈ, ಮನೆ ಹತ್ತಿರ ಬೇಡವೇ ಬೇಡ.

ನೆರಳೇ ಮುಖ್ಯ ಅಂದರೆ ಪಡುವಣ ಕಡೆಗೆ ಒಂದು ಮರ ಇಡಿ, ಮಧ್ಯಾಹ್ನದ ಮೇಲಿನ ಬಿಸಿಲು ಬರುವುದು ಅಲ್ಲಿಂದಲೇ. ಚಳಿಗಾಲದಲ್ಲಿ ಬಿಸಿಲು ಬೇಕು ಅಂತಿದ್ದರೆ ಆಗ ಎಲೆ ಉದುರಿಸುವ ಜಾತಿ ನೋಡಿ.

ಮಣ್ಣು ಪರೀಕ್ಷೆಗೆ ಒಂದು ಅಡಿ ಗುಂಡಿ ತೋಡಿ ನೀರು ತುಂಬಿಸಿ, ಇಂಗಿದ ಮೇಲೆ ಮತ್ತೆ ತುಂಬಿಸಿ. ಮಾರನೇ ದಿನವೂ ನೀರು ನಿಂತಿದ್ದರೆ ಜವುಗು ತಡೆಯುವ ಮರವೇ ಆಗಬೇಕು, ಇಲ್ಲವೇ ಮಣ್ಣು ಏರಿಸಿ ದಿಬ್ಬ ಮಾಡಿ ನೆಡಬೇಕು.

ಇನ್ನು ನೆಡುವುದು. ನಾನು ಎಡವಿದ್ದು ಇಲ್ಲೇ. ಗಟ್ಟಿಯಾಗಿ ನಿಲ್ಲಲಿ ಅಂತ ಒಂದು ಸಸಿಯನ್ನು ಒಂದು ಗೇಣು ಜಾಸ್ತಿಯೇ ಆಳಕ್ಕೆ ಹೂತಿದ್ದೆ. ಮೂರು ವರ್ಷ ಚೆನ್ನಾಗಿತ್ತು, ನಾಲ್ಕನೇ ವರ್ಷ ತುದಿಯಿಂದ ಒಣಗುತ್ತಾ ಬಂತು, ನೀರು ಸಾಲದೇನೋ ಅಂತ ಇನ್ನಷ್ಟು ನೀರು ಹೊಯ್ದೆ. ಕೊನೆಗೆ ಅಗೆದು ನೋಡಿದರೆ ಬುಡದ ತೊಗಟೆ ಕೊಳೆತಿದೆ, ಚೀಲದಲ್ಲಿದ್ದಾಗಲೇ ಸುತ್ತಿಕೊಂಡಿದ್ದ ಬೇರು ಬುಡವನ್ನು ಹಗ್ಗದ ಹಾಗೆ ಬಿಗಿದಿದೆ. ಹಾಗಾಗಿ ಕೊಳ್ಳುವಾಗಲೇ ಬೇರು ಚೀಲದೊಳಗೆ ಸುತ್ತಿಕೊಂಡಿದೆಯಾ ನೋಡಿ, ನೆಡುವಾಗ ಅಂಥ ಬೇರನ್ನು ಬಿಡಿಸಿ, ಆಗದಿದ್ದರೆ ಕತ್ತರಿಸಿ. ಗುಂಡಿ ಬೇರಿನ ಹೆಂಟೆಯಷ್ಟೇ, ಅಂದರೆ ಬೇರಿಗೆ ಅಂಟಿರುವ ಮಣ್ಣಿನ ಮುದ್ದೆಯಷ್ಟೇ ಆಳ, ಅಗಲ ಮಾತ್ರ ಅದರ ಎರಡು ಮೂರು ಪಟ್ಟು. ಕಾಂಡ ಅಗಲವಾಗಿ ಬೇರಾಗಲು ಶುರುವಾಗುವ ಜಾಗ ಮಣ್ಣಿನ ಮೇಲೆ ಕಾಣುತ್ತಿರಬೇಕು. ತೋಡಿದ ಮಣ್ಣನ್ನೇ ವಾಪಸ್ ತುಂಬಿ. ಗುಂಡಿ ತುಂಬಾ ಗೊಬ್ಬರ ಸುರಿದರೆ ಬೇರು ಆಚೆ ಹೋಗದೆ ಅಲ್ಲೇ ಸುತ್ತಬಹುದು.

ದೊಡ್ಡ ಗಿಡ ತಂದು ನೆಟ್ಟರೆ ಸಮಯ ಉಳಿಯುತ್ತದೆ ಅಂತಲೂ ಅನಿಸಬಹುದು. ಆದರೆ ಚಿಕ್ಕ ಸಸಿ ಬೇಗ ಬೇರೂರಿ ಎಷ್ಟೋ ಸಲ ಅದನ್ನು ಹಿಂದೆ ಹಾಕುತ್ತದೆ. ಆಸರೆ ಕೋಲು ಬೇಕಿದ್ದರೆ ಮಾತ್ರ, ಅದೂ ಸಡಿಲವಾಗಿ ಕಟ್ಟಿ, ವರ್ಷದೊಳಗೆ ತೆಗೆಯಿರಿ. ಗಾಳಿಗೆ ಸ್ವಲ್ಪ ಅಲ್ಲಾಡಿದರೇ ಕಾಂಡ ಬಲಿಯುವುದು. ಬುಡದಿಂದ ಒಂದು ಗೇಣು ಬಿಟ್ಟು ಸುತ್ತ ತರಗೆಲೆ ಹಾಸಿ, ದಿನಾ ಒಂದು ಚೊಂಬು ಹೊಯ್ಯುವ ಬದಲು ಮಣ್ಣು ಒಣಗುತ್ತಾ ಬಂದಾಗ ಆಳಕ್ಕೆ ಇಳಿಯುವಷ್ಟು ನೀರು ಕೊಡಿ.

ಜಾಗದ ಉದ್ದಗಲ, ತಂತಿ ಎಲ್ಲಿ ಹೋಗಿದೆ, ಗುಂಡಿಯ ನೀರು ಎಷ್ಟು ಹೊತ್ತಿಗೆ ಇಂಗಿತು, ಇಷ್ಟು ಬರೆದು ಹಾಕಿ. ಆಗ ಹೆಸರು ಹೇಳುತ್ತೇನೆ.