ಕೇದಾರಕ್ಕೆ ಐದು ದಿನ ಸಾಲದು

ವಿಜಯನಗರದಿಂದ ಒಬ್ಬ ಓದುಗರು ಬರೆದಿದ್ದಾರೆ. ವಯಸ್ಸು 34, ಕೆಲಸ ವೈಟ್‌ಫೀಲ್ಡಿನಲ್ಲಿ. ಅವರ ತಾಯಿಗೆ 63, ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಅಮ್ಮನಿಗೆ ಕೇದಾರನಾಥ ನೋಡಬೇಕು, ಅದೂ ನಡೆದೇ ಹತ್ತಬೇಕಂತೆ. ಸೆಪ್ಟೆಂಬರ್ ಕೊನೆಗೆ ಹೊರಡುವ ಯೋಚನೆ. ಬುಧವಾರ ಬೆಳಗ್ಗೆ ವಿಮಾನ ಹತ್ತಿ ಭಾನುವಾರ ರಾತ್ರಿ ವಾಪಸ್. "ಐದು ದಿನ ಸಾಕಲ್ವಾ ಸರ್? ನಡೆಯೋದಾ, ಕುದುರೆನಾ, ಹೆಲಿಕಾಪ್ಟರಾ? ನಾನು ದಿನಾ ಜಿಮ್‌ಗೆ ಹೋಗುತ್ತೇನೆ, ನನ್ನ ಚಿಂತೆಯಿಲ್ಲ, ಅಮ್ಮನದೇ ಚಿಂತೆ" ಎಂದು ಕೇಳಿದ್ದಾರೆ. ಮನೆಯಲ್ಲಿ ಕಾಯಿಸಿದ ತುಪ್ಪ ತೆಗೆದುಕೊಂಡು ಹೋಗಬಹುದಾ ಅಂತ ಅಮ್ಮನ ಕಡೆಯಿಂದಲೂ ಒಂದು ಪ್ರಶ್ನೆ ಇದೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ.

ಸಂಪಾದಕರ ಉತ್ತರ:

ಮೊದಲೇ ಹೇಳಿಬಿಡುತ್ತೇನೆ, ಸಾಲದು. ನಿಮ್ಮ ಪತ್ರದಲ್ಲಿ ಅಮ್ಮನ ಮಂಡಿ ಇದೆ, ಬಿಪಿ ಇದೆ, ಶೂ ಇದೆ, ನನಗೆ ಭಯ ಹುಟ್ಟಿಸಿದ್ದು ಮಾತ್ರ ನಿಮ್ಮ ರಜೆ. ಇನ್ನು ಮೂರು ದಿನ ರಜೆ ಕೇಳಿ. ಸಿಗಲಿಲ್ಲ ಅಂದರೆ ಈ ವರ್ಷ ಬೇಡ, ಮುಂದಿನ ವರ್ಷ ಹೋಗಿ. ಕೇದಾರನಾಥ ಎಲ್ಲಿಗೂ ಓಡಿಹೋಗುವುದಿಲ್ಲ.

ಯಾಕೆ ಅಂತ ಹೇಳುತ್ತೇನೆ. ನಮ್ಮ ಬೆಂಗಳೂರು ಇರುವುದು ಸುಮಾರು 920 ಮೀಟರ್ ಎತ್ತರದಲ್ಲಿ. ಋಷಿಕೇಶ ಅಂದರೆ ಹಿಮಾಲಯ ಅಂದುಕೊಳ್ಳುತ್ತೇವೆ, ಆದರೆ ಅದು ಇರುವುದು 350 ಮೀಟರಿನ ಆಸುಪಾಸಿನಲ್ಲಿ, ನಮಗಿಂತ ಎಷ್ಟೋ ಕೆಳಗೆ. ನಡಿಗೆ ಶುರುವಾಗುವ ಗೌರಿಕುಂಡ ಸುಮಾರು 1,980 ಮೀಟರ್. ದೇವಸ್ಥಾನ 3,583 ಮೀಟರ್. ಅಂದರೆ ಒಂದೇ ದಿನದಲ್ಲಿ 1,600 ಮೀಟರ್ ಏರುತ್ತೀರಿ, ನಂದಿ ಬೆಟ್ಟದ ತುದಿಯೇ ಸಮುದ್ರಮಟ್ಟದಿಂದ 1,478 ಮೀಟರ್. 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಮೇಲೇರಬಾರದು ಎನ್ನುತ್ತಾರೆ ಡಾಕ್ಟರುಗಳು. ಕೇದಾರದ ದಾರಿಯಲ್ಲಿ ಈ ಲೆಕ್ಕ ಪಾಲಿಸುವುದು ಕಷ್ಟ. ಅದಕ್ಕೇ ಕೆಳಗಾದರೂ ಒಂದೆರಡು ರಾತ್ರಿ ಜಾಸ್ತಿ ಇದ್ದು ಮೈಗೆ ಸ್ವಲ್ಪ ರೂಢಿ ಮಾಡಿಸಬೇಕು. ನೀವು ಕತ್ತರಿಸಲು ಹೊರಟಿರುವುದು ಸರಿಯಾಗಿ ಆ ರಾತ್ರಿಗಳನ್ನೇ.

"ನನ್ನ ಚಿಂತೆಯಿಲ್ಲ" ಅಂದಿರಲ್ಲ, ಅಲ್ಲೂ ಸ್ವಲ್ಪ ನಿಲ್ಲಿ. ಮೇಲೆ ಗಾಳಿ ತೆಳ್ಳಗಾಗಿ ಬರುವ ಎತ್ತರದ ಕಾಯಿಲೆ ಜಿಮ್ ನೋಡಿ ಬಿಡುವುದಿಲ್ಲ. ಗಟ್ಟಿಮುಟ್ಟಾಗಿರುವವರು ಬೇಗ ಬೇಗ ಹತ್ತುತ್ತಾರೆ, ಹಾಗಾಗಿ ಅವರೇ ಬೇಗ ಸಿಕ್ಕಿಬೀಳುತ್ತಾರೆ. ನನ್ನ ಅಣ್ಣನ ಕಥೆ ಕೇಳಿ. ಆಗ ಅವನಿಗೆ 52, ದಿನಾ ಬೆಳಗ್ಗೆ ಲಾಲ್‌ಬಾಗಿನಲ್ಲಿ ಓಡುವ ಮನುಷ್ಯ. ನಾವೂ ನಿಮ್ಮ ಹಾಗೇ ಲೆಕ್ಕ ಹಾಕಿದ್ದೆವು. ಬೆಳಗಿನ ಜಾವ ಋಷಿಕೇಶ ಬಿಟ್ಟು ಸಂಜೆಗೆ ಗೌರಿಕುಂಡಕ್ಕಿಂತ ಸ್ವಲ್ಪ ಕೆಳಗಿನ ಸೋನ್‌ಪ್ರಯಾಗ, ಮಾರನೇ ದಿನವೇ ಹತ್ತುವುದು. ನಡಿಗೆ ದಾರಿಯ ಭೀಮ್‌ಬಲಿವರೆಗೆ ಅವನೇ ಮುಂದೆ, ನಾನು ಹಿಂದೆ ಏದುಸಿರು ಬಿಡುತ್ತಾ. ಲಿಂಚೋಲಿ ಹತ್ತಿರ ಒಂದು ಟೀ ಅಂಗಡಿಯಲ್ಲಿ ಕೂತೆವು. ಶೂ ಒಳಗೆ ಕಲ್ಲು ಸೇರಿದೆ ಅಂತ ಅವನು ಲೇಸ್ ಬಿಚ್ಚಿದ, ಕಲ್ಲು ಕೊಡವಿದ, ಮತ್ತೆ ಕಟ್ಟಲು ಬಗ್ಗಿದ. ಬಗ್ಗಿದವನು ಹಾಗೇ ಇದ್ದ. ಎರಡು ಕೈಯಲ್ಲಿ ಲೇಸಿನ ಎರಡು ತುದಿ ಹಿಡಿದುಕೊಂಡು ಅದನ್ನೇ ನೋಡುತ್ತಿದ್ದ. ಪಕ್ಕದಲ್ಲಿಟ್ಟ ಟೀ ಕೆನೆ ಕಟ್ಟಿತು. ಆಮೇಲೆ ನನ್ನ ಕಡೆ ತಿರುಗಿ, "ನೀನೇ ಕಟ್ಟೋ, ನನಗೆ ಯಾಕೋ ಗೊತ್ತಾಗ್ತಿಲ್ಲ" ಅಂದ. ನಾನು ನಕ್ಕೆ. ಟೀ ಅಂಗಡಿಯವನು ನಗಲಿಲ್ಲ. ಅಣ್ಣನ ಮುಖ ಒಂದು ಸಲ ನೋಡಿ, ಇವರನ್ನು ಈಗಲೇ ಕೆಳಗೆ ಕರೆದುಕೊಂಡು ಹೋಗಿ ಅಂದ. ಐದಾರು ಕಿಲೋಮೀಟರ್ ಉಳಿದಿತ್ತು. ಇಳಿದೆವು. ಗೌರಿಕುಂಡ ಮುಟ್ಟುವ ಹೊತ್ತಿಗೆ ಅವನು ಸರಿಯಾಗಿದ್ದ, ರೊಟ್ಟಿ ತಿಂದ, ನನ್ನ ಮೇಲೇ ರೇಗಿದ, ಸುಮ್ನೆ ವಾಪಸ್ ಕರ್ಕೊಂಡು ಬಂದೆ ಅಂತ. ಇವತ್ತಿಗೂ ರೇಗುತ್ತಾನೆ.

ಹಾಗಾಗಿ ಇಷ್ಟನ್ನು ಮಾತ್ರ ನೆನಪಿಡಿ. ತಲೆನೋವು, ವಾಕರಿಕೆ, ಊಟ ಸೇರದಿರುವುದು, ತಲೆಸುತ್ತು ಬಂದರೆ ಅಲ್ಲೇ ನಿಲ್ಲಬೇಕು, ಕಡಿಮೆಯಾಗುವವರೆಗೆ ಮೇಲೆ ಹತ್ತಬಾರದು. ಸುಮ್ಮನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು, ನಡಿಗೆ ತೂರಾಡುವುದು, ಮಾತು ಗೊಂದಲ, ಇವುಗಳಲ್ಲಿ ಒಂದು ಕಂಡರೂ ಆ ಕ್ಷಣವೇ ಇಳಿಯಬೇಕು, ಬೆಳಗ್ಗೆವರೆಗೆ ನೋಡೋಣ ಅನ್ನುವ ಮಾತೇ ಇಲ್ಲ. ಎತ್ತರಕ್ಕೆ ಕೊಡುವ ಡಯಾಮಾಕ್ಸ್ ಮಾತ್ರೆಯನ್ನು ವಾಟ್ಸಾಪಿನಲ್ಲಿ ಯಾರೋ ಹೇಳಿದರು ಅಂತ ಅಮ್ಮನಿಗೆ ಕೊಡಬೇಡಿ. ಬಿಪಿ ಮಾತ್ರೆಯ ಚೀಟಿ ಹಿಡಿದುಕೊಂಡು ಅವರ ಡಾಕ್ಟರ ಹತ್ತಿರವೇ ಕೇಳಿ. ಸಲ್ಫಾ ಅಲರ್ಜಿ ಇದ್ದರೆ ಅದನ್ನೂ ಹೇಳಿ. ಯಾತ್ರೆಯಲ್ಲಿ ಬಿಪಿ ಮಾತ್ರೆ ತಪ್ಪಿಸುವುದು ಬೇಡ, ಉಪವಾಸವೂ ಬೇಡ. ಅಮ್ಮಂದಿರು ದರ್ಶನ ಆಗುವವರೆಗೆ ಏನೂ ತಿನ್ನಲ್ಲ ಅಂತ ಹಟ ಹಿಡಿಯುತ್ತಾರೆ, ಗೊತ್ತಲ್ಲ.

ಈಗ ದಿನಗಳ ಲೆಕ್ಕ. ಮೊದಲ ದಿನ ಡೆಹ್ರಾಡೂನ್‌ಗೆ ವಿಮಾನ, ಋಷಿಕೇಶದಲ್ಲಿ ರಾತ್ರಿ. ಎರಡನೇ ದಿನ ದೇವಪ್ರಯಾಗ, ಶ್ರೀನಗರ, ರುದ್ರಪ್ರಯಾಗ ದಾಟಿ ಗುಪ್ತಕಾಶಿ. ದೂರ ಕೇಳಿದರೆ ಬೆಂಗಳೂರಿಂದ ಹಾಸನಕ್ಕೆ ಹೋದಷ್ಟೇ ಅನಿಸುತ್ತದೆ, ಆದರೆ ಇಡೀ ದಿನ ಹಿಡಿಯುತ್ತದೆ, ಗುಡ್ಡ ಕುಸಿದರೆ ಇನ್ನೂ ಜಾಸ್ತಿ. ಮೂರನೇ ದಿನ ಎಲ್ಲೂ ಓಡಬೇಡಿ. ಎದುರು ಬೆಟ್ಟದಲ್ಲಿರುವ ಉಖೀಮಠ ನೋಡಿ ಬಂದು, ಸಂಜೆಗೆ ಸೋನ್‌ಪ್ರಯಾಗ ಸೇರಿಕೊಳ್ಳಿ. ನಾಲ್ಕನೇ ದಿನ ಬೆಳಗ್ಗೆ ಬೇಗ ಎದ್ದು ಅಲ್ಲಿನ ಜೀಪಿನಲ್ಲಿ ಗೌರಿಕುಂಡ. ಸ್ವಂತ ಗಾಡಿ ಸೋನ್‌ಪ್ರಯಾಗದಲ್ಲೇ ನಿಲ್ಲುತ್ತದೆ. ಅಲ್ಲಿಂದ ನಡಿಗೆ. 2013ರ ಜೂನ್ ಪ್ರವಾಹದಲ್ಲಿ ರಾಮ್‌ಬಾಡಾ ಕೊಚ್ಚಿಹೋದ ಮೇಲೆ ದಾರಿ ನದಿಯ ಆಚೆ ದಡಕ್ಕೆ ಬದಲಾಗಿದೆ. ಮೊದಲು 14 ಕಿಲೋಮೀಟರ್ ಇತ್ತು, ಈಗ 16ರ ಮೇಲೆ. ನಿಮ್ಮ ಜೊತೆ ಅಮ್ಮ ಇರುವುದರಿಂದ ಆ ರಾತ್ರಿ ಲಿಂಚೋಲಿಯಲ್ಲೇ ಉಳಿಯಿರಿ ಅಂತ ನನ್ನ ಸಲಹೆ. ಐದನೇ ದಿನ ಉಳಿದದ್ದನ್ನು ಹತ್ತಿ ದರ್ಶನ ಮಾಡಿ, ಮೈ ಹೇಗಿದೆ ನೋಡಿಕೊಂಡು ಮೇಲೆ ಉಳಿಯಿರಿ, ಇಲ್ಲವೇ ಲಿಂಚೋಲಿಗೇ ಇಳಿಯಿರಿ. ಆರನೇ ದಿನ ಕೆಳಗೆ, ಏಳನೇ ದಿನ ಋಷಿಕೇಶ, ಎಂಟನೇ ದಿನ ವಿಮಾನ. ಒಂದು ದಿನ ಮಳೆ ಹಿಡಿದರೂ ಈ ಲೆಕ್ಕವೂ ಕೆಡುತ್ತದೆ. ವಾಪಸ್ ಟಿಕೆಟ್ ಬದಲಾಯಿಸಲು ಆಗುವಂಥದ್ದೇ ತೆಗೆದುಕೊಳ್ಳಿ.

ಉಖೀಮಠ ಅಂದೆ, ಅದನ್ನು ಸುಮ್ನೆ ಹೊತ್ತು ಕಳೆಯಲು ಹೇಳಿದ್ದಲ್ಲ. ದೀಪಾವಳಿ ಮುಗಿದು ಭಾಯಿ ದೂಜ್ ದಿನ ಕೇದಾರದ ಬಾಗಿಲು ಮುಚ್ಚಿದ ಮೇಲೆ ಸ್ವಾಮಿಯ ಉತ್ಸವಮೂರ್ತಿ ಇಳಿದು ಬರುವುದು ಇಲ್ಲಿನ ಓಂಕಾರೇಶ್ವರ ದೇವಸ್ಥಾನಕ್ಕೆ. ಚಳಿಗಾಲ ಪೂರ್ತಿ ಪೂಜೆ ಇಲ್ಲೇ. ಮುಂದಿನ ವರ್ಷ ಬಾಗಿಲು ತೆರೆಯುವ ದಿನವನ್ನು ಶಿವರಾತ್ರಿಯಂದು ಹೇಳುವುದೂ ಇಲ್ಲಿಂದಲೇ. ನಮಗೆ ಇನ್ನೂ ಒಂದು ನಂಟಿದೆ. ವೀರಶೈವರ ಪಂಚಪೀಠಗಳಲ್ಲಿ ಕೇದಾರ ಪೀಠ ಇರುವುದು ಇದೇ ಊರಲ್ಲಿ. ನಮ್ಮ ಬಾಳೆಹೊನ್ನೂರಿನ ರಂಭಾಪುರಿ, ಉಜ್ಜಯಿನಿ, ಶ್ರೀಶೈಲ, ಕಾಶಿ ಪೀಠಗಳ ಸಾಲಿನದು. ಕೇದಾರದ ಪ್ರಧಾನ ಅರ್ಚಕರಾದ ರಾವಲರು ಪರಂಪರೆಯಿಂದ ವೀರಶೈವ ಜಂಗಮರು, ಕರ್ನಾಟಕದ ನಂಟಿನವರು. ರಾವಲರು ತಾವೇ ಪೂಜೆ ಮಾಡುವುದಿಲ್ಲ, ಅವರು ನೇಮಿಸಿದ ಅರ್ಚಕರು ಮಾಡುತ್ತಾರೆ. ಅಮ್ಮನಿಗೆ ಇದನ್ನೆಲ್ಲಾ ಹೇಳಿ. ಡಾಕ್ಟರು ಬೇಡ ಅಂದರೆ ಉಖೀಮಠಕ್ಕೆ ಊರಿನವರೆಗೂ ಗಾಡಿಯಲ್ಲೇ ಹೋಗಬಹುದು, ಎತ್ತರವೂ ನಂದಿ ಬೆಟ್ಟದ ಆಸುಪಾಸಿನದೇ. ಚಳಿಗಾಲದಲ್ಲಿ ಹೋದರೆ ಕೇದಾರ ಸ್ವಾಮಿಯೇ ಅಲ್ಲಿರುತ್ತಾನೆ.

ಕುದುರೆ, ಹೆಲಿಕಾಪ್ಟರ್ ವಿಷಯ. ಹೆಲಿಕಾಪ್ಟರ್ ಅಮ್ಮನ ಮಂಡಿ ಉಳಿಸುತ್ತದೆ, ಉಸಿರಿಗೆ ಏನೂ ಮಾಡುವುದಿಲ್ಲ. ಕೆಲವೇ ನಿಮಿಷದಲ್ಲಿ 3,500 ಮೀಟರಿಗೆ ಎತ್ತಿ ಇಟ್ಟರೆ ಮೈ ರೂಢಿಯಾಗಲು ಹೊತ್ತೆಲ್ಲಿ? ಮೋಡ ಕವಿದರೆ ಹಾರುವುದಿಲ್ಲ, ಹಾರಬಾರದು ಕೂಡ. 2025ರ ಜೂನ್ 15ರಂದು ಗೌರಿಕುಂಡದ ಹತ್ತಿರ ಹೆಲಿಕಾಪ್ಟರ್ ಬಿದ್ದು 7 ಜನ ಸತ್ತರು. ಅಷ್ಟಾದರೂ ಬೇಕೆಂದರೆ ಟಿಕೆಟನ್ನು ಐಆರ್‌ಸಿಟಿಸಿಯ ಹೆಲಿಯಾತ್ರಾ ವೆಬ್‌ಸೈಟಿನಲ್ಲೇ ತೆಗೆದುಕೊಳ್ಳಿ. ನಮ್ಮ ಕಚೇರಿಯವರೊಬ್ಬರು ಫೋನಿನಲ್ಲಿ ಬಂದ ಯಾವುದೋ ಲಿಂಕಿಗೆ ದುಡ್ಡು ಹಾಕಿ, ಚೆಂದದ ಟಿಕೆಟ್ ಪ್ರಿಂಟ್ ಹಿಡಿದು ಫಾಟಾದ ಹೆಲಿಪ್ಯಾಡಿನವರೆಗೆ ಹೋಗಿ ಬಂದರು. ಪ್ರಿಂಟ್ ಇನ್ನೂ ಡ್ರಾಯರಿನಲ್ಲಿದೆ. ಇನ್ನು ಸೋನ್‌ಪ್ರಯಾಗದಿಂದ 12.9 ಕಿಲೋಮೀಟರ್ ರೋಪ್‌ವೇಗೆ ಕೇಂದ್ರ ಸಂಪುಟ 2025ರ ಮಾರ್ಚಿನಲ್ಲಿ ಒಪ್ಪಿಗೆ ಕೊಟ್ಟಿದೆ, 36 ನಿಮಿಷದಲ್ಲಿ ಮೇಲೆ ಅಂತ ಲೆಕ್ಕ. ಅದಕ್ಕೆ ಕಾಯುತ್ತಾ ಕೂರುವಷ್ಟು ತಾಳ್ಮೆ ನಿಮ್ಮ ತಾಯಿಗೆ ಇದ್ದ ಹಾಗೆ ಕಾಣಲಿಲ್ಲ.

ಕುದುರೆ ಮೇಲೆ ಗಂಟೆಗಟ್ಟಲೆ ಕೂರುವುದು ಸುಖವಲ್ಲ, ಸೊಂಟ ಹಿಡಿಯುತ್ತದೆ, ಅಲುಗಾಡದೆ ಕೂತು ಚಳಿಯೂ ಹತ್ತುತ್ತದೆ. ಆದರೂ ಹತ್ತುವಾಗ ಅಮ್ಮ ಸುಸ್ತಾದರೆ ಇರಲಿ. ನಾಲ್ಕು ಜನ ಹೊರುವ ದಂಡಿ ದುಬಾರಿ, ವಯಸ್ಸಾದವರಿಗೆ ಅದೇ ವಾಸಿ. ಎರಡಕ್ಕೂ ಕೌಂಟರಿನಲ್ಲಿ ಚೀಟಿ ಮಾಡಿಸಿ, ದಾರಿಯಲ್ಲಿ ಚೌಕಾಸಿ ಬೇಡ. ಹತ್ತುವಾಗ ಕೆಲಸ ಉಸಿರಿಗೆ, ಇಳಿಯುವಾಗ ಮಂಡಿಗೆ. ಎಲ್ಲರೂ ಹತ್ತುವುದನ್ನೇ ಯೋಚಿಸುತ್ತಾರೆ.

ಅದನ್ನು ಇಲ್ಲೇ ಪರೀಕ್ಷೆ ಮಾಡಬಹುದು. ಡಾಬಸ್‌ಪೇಟೆ ಪಕ್ಕದ ಶಿವಗಂಗೆಗೆ ಅಮ್ಮನನ್ನು ಕರೆದುಕೊಂಡು ಹೋಗಿ, ಎರಡು ತಿಂಗಳಲ್ಲಿ ಮೂರ್ನಾಲ್ಕು ಸಲ. ಯಾತ್ರೆಗೆ ಕೊಂಡ ಶೂ ಹಾಕಿಕೊಂಡೇ ಹತ್ತಲಿ, ಹೊಸ ಶೂ ಕಚ್ಚುವುದೇನಿದ್ದರೂ ಇಲ್ಲೇ ಕಚ್ಚಲಿ. ಮೇಲೆ ಹೇಗೆ ಹತ್ತಿದರು ಅನ್ನುವುದಕ್ಕಿಂತ ಮಾರನೇ ದಿನ ಮನೆಯ ಮೆಟ್ಟಿಲು ಹೇಗೆ ಇಳಿಯುತ್ತಾರೆ ನೋಡಿ. ಗೋಡೆ ಹಿಡಿದು ಪಕ್ಕಕ್ಕೆ ತಿರುಗಿ ಒಂದೊಂದೇ ಮೆಟ್ಟಿಲು ಇಳಿದರೆ, ಕೇದಾರದಿಂದ ಕೆಳಗೆ ಬರಲು ದಂಡಿಯೇ ಅಂತ ಆಗಲೇ ತೀರ್ಮಾನ ಮಾಡಿ. ಎತ್ತರದ ಪರೀಕ್ಷೆ ಮಾತ್ರ ಶಿವಗಂಗೆಯಲ್ಲಿ ಆಗುವುದಿಲ್ಲ, ಅದು 1,400 ಮೀಟರ್ ಕೂಡ ಇಲ್ಲ.

ಉತ್ತರಾಖಂಡ ಸರ್ಕಾರದ ಯಾತ್ರಾ ನೋಂದಣಿ ಕಡ್ಡಾಯ, ಇಬ್ಬರದೂ ಮಾಡಿಸಿ, ಚೀಟಿಯ ಒಂದು ಪ್ರತಿ ಕಾಗದದಲ್ಲೂ ಇರಲಿ. ಸೆಪ್ಟೆಂಬರ್ ಕೊನೆ ಒಳ್ಳೆಯ ಆಯ್ಕೆ, ಮೇ-ಜೂನ್ ನೂಕುನುಗ್ಗಲಿಲ್ಲ, ಮಳೆಯೂ ಇಳಿಮುಖ. ಆದರೂ ಛತ್ರಿ ಬೇಡ, ರೇನ್‌ಕೋಟ್ ಬೇಕು. ಬೆಂಗಳೂರಿನ ಡಿಸೆಂಬರ್ ಸ್ವೆಟರ್ ಅಲ್ಲಿ ಬನಿಯನ್ ಇದ್ದ ಹಾಗೆ. ಅಮ್ಮನ ಗೊಜ್ಜವಲಕ್ಕಿ ಪುಡಿ, ಹುರಿಗಡಲೆ, ಕೊಬ್ಬರಿ ಮಿಠಾಯಿ ಇಟ್ಟುಕೊಳ್ಳಿ. ದಾರಿಯಲ್ಲಿ ಮ್ಯಾಗಿ, ಪರೋಟ ಸಿಗುತ್ತದೆ, ಮೂರನೇ ದಿನಕ್ಕೆ ನಾಲಿಗೆ ಕೆಡುತ್ತದೆ.

ತುಪ್ಪ ಖಂಡಿತ ತೆಗೆದುಕೊಂಡು ಹೋಗಲಿ. ಶಿವಗಂಗೆಯಲ್ಲಿ ಲಿಂಗಕ್ಕೆ ಸವರಿದ ತುಪ್ಪ ಬೆಣ್ಣೆಯಾಗುತ್ತದೆ ಅಂತ ನಂಬಿ ಹೋಗುತ್ತೇವಲ್ಲ, ಕೇದಾರದಲ್ಲೂ ಭಕ್ತರು ಲಿಂಗಕ್ಕೆ ತುಪ್ಪ ಸವರುತ್ತಾರೆ. ಗರ್ಭಗುಡಿಯೊಳಗೆ ಬಿಡುವುದು ಜನ ಎಷ್ಟಿದ್ದಾರೆ ಅನ್ನುವುದರ ಮೇಲೆ. ಸಣ್ಣ ಡಬ್ಬಿ ಸಾಕು, ಮುಚ್ಚಳ ತಿರುಗಿಸುವಂಥದ್ದು, ವಿಮಾನದಲ್ಲಿ ಕೈಚೀಲಕ್ಕೆ ಹಾಕಬೇಡಿ, ಚೆಕ್-ಇನ್ ಬ್ಯಾಗಿಗೆ ಹಾಕಿ. ಮೇಲೆ ಹೋಗುವ ಹೊತ್ತಿಗೆ ಚಳಿಗೆ ಅದು ಕಲ್ಲಾಗಿರುತ್ತದೆ, ಬೆರಳಿಗೆ ಬರುವುದಿಲ್ಲ. ಜೊತೆಗೆ ಒಂದು ಸ್ಟೀಲ್ ಚಮಚ ಇಟ್ಟುಕೊಳ್ಳಲು ಅಮ್ಮನಿಗೆ ಹೇಳಿ.