ಒಮೆಗಾ ಸೆಂಟಾರಿ ಬೇರೆ ಗ್ಯಾಲಕ್ಸಿಯ ತಿರುಳಾ?

ಸರ್, ನೀವು ಕೇಳಿದ್ದು ಎರಡು. ಒಮೆಗಾ ಸೆಂಟಾರಿ ಅನ್ನುವ ಗೋಳಗುಚ್ಛ (ಉಂಡೆಯ ಹಾಗೆ ಒತ್ತಾಗಿ ಸೇರಿಕೊಂಡ ಲಕ್ಷಾಂತರ ನಕ್ಷತ್ರಗಳ ಗುಂಪು) ಹಿಂದೆ ಬೇರೊಂದು ಗ್ಯಾಲಕ್ಸಿಯ ತಿರುಳಾಗಿತ್ತು ಅಂತ ಹೇಗೆ ಹೇಳುತ್ತಾರೆ, ಮೂಡಿಗೆರೆಯಿಂದ ಅದು ಕಾಣುತ್ತದಾ ಅಂತ. ಎರಡನೆಯದು ಸುಲಭ, ಮೊದಲು ಅದನ್ನೇ ಮುಗಿಸೋಣ.

ಧಾರಾಳವಾಗಿ ಕಾಣುತ್ತದೆ. ಚಿತ್ತಾ ನಕ್ಷತ್ರ ದಕ್ಷಿಣದಲ್ಲಿ ಪೂರ್ತಿ ಮೇಲೆ ಬಂದಾಗ ಅಲ್ಲಿಂದ ನೆಟ್ಟಗೆ ಕೆಳಗಿಳಿಯಿರಿ. ಕೈ ಚಾಚಿ ಮುಷ್ಟಿ ಹಿಡಿದರೆ ದಿಗಂತದಿಂದ ಮೂರು ಮುಷ್ಟಿ ಎತ್ತರ. ಏಪ್ರಿಲ್ ಮಧ್ಯದಲ್ಲಾದರೆ ರಾತ್ರಿ 12 ದಾಟಬೇಕು, ಮೇ ಮಧ್ಯದಲ್ಲಿ ಹತ್ತೂಕಾಲರ ಹೊತ್ತಿಗೇ ಸಿಗುತ್ತದೆ. ತೋಟದೊಳಗೆ ನಿಂತರೆ ಸಿಲ್ವರ್ ಓಕ್ ಅಡ್ಡ ಬರುತ್ತದೆ. ಕಾಫಿ ಒಣಗಿಸುವ ಕಣಕ್ಕೆ ಬನ್ನಿ, ಲೈಟ್ ಆರಿಸಿ. ಹೂಮಳೆ ಬಂದು ಹೋದ ಮಾರನೇ ರಾತ್ರಿ ಮೋಡ ಇಲ್ಲದಿದ್ದರೆ ನಿದ್ದೆ ಬಿಟ್ಟಾದರೂ ನೋಡಿ, ಧೂಳೆಲ್ಲ ಇಳಿದಿರುತ್ತದೆ. ಬೈನಾಕ್ಯುಲರ್‌ನಲ್ಲಿ ದುಂಡನೆಯ ಮಂಜಿನ ಉಂಡೆ. ಎಂಟು ಇಂಚಿನ ಟೆಲಿಸ್ಕೋಪ್ ಇಟ್ಟರೆ ಅದೇ ಉಂಡೆ ನುಣ್ಣನೆಯ ರವೆಯಾಗಿ ಒಡೆಯುತ್ತದೆ. ದೂರ ಸುಮಾರು 17,000 ಜ್ಯೋತಿರ್ವರ್ಷ.

ಇನ್ನು ಮೊದಲ ಪ್ರಶ್ನೆ. ಸಾಮಾನ್ಯ ಗೋಳಗುಚ್ಛದಲ್ಲಿ ನಕ್ಷತ್ರಗಳ ವಯಸ್ಸು ಹೆಚ್ಚುಕಮ್ಮಿ ಒಂದೇ, ಅವುಗಳಲ್ಲಿರುವ ಕಬ್ಬಿಣದ ಪಾಲೂ ಒಂದೇ. ದೊಡ್ಡ ನಕ್ಷತ್ರ ಸಿಡಿದಾಗ ಕಬ್ಬಿಣ ಬೆರೆತ ಅನಿಲ ಹೊರಗೆ ಚಿಮ್ಮುತ್ತದೆ. ಅದನ್ನು ಹಿಡಿದಿಟ್ಟುಕೊಳ್ಳುವಷ್ಟು ಸೆಳೆತ ಪುಟ್ಟ ಗುಚ್ಛಕ್ಕಿಲ್ಲ, ಗ್ಯಾಲಕ್ಸಿಗೆ ಇದೆ. ಒಮೆಗಾ ಸೆಂಟಾರಿಯಲ್ಲಿ ಕಬ್ಬಿಣ ತೀರಾ ಕಡಿಮೆ ಇರುವ ನಕ್ಷತ್ರವೂ ಇದೆ, ಅದರ ಹತ್ತು ಪಟ್ಟು ಇರುವುದೂ ಇದೆ. ಅಂದರೆ ಅಲ್ಲಿ ತಲೆಮಾರಿನ ಮೇಲೆ ತಲೆಮಾರು ಹುಟ್ಟಿದೆ. ಸಾಲದ್ದಕ್ಕೆ ಅದು ಕ್ಷೀರಪಥ ತಿರುಗುವ ದಿಕ್ಕಿಗೆ ಉಲ್ಟಾ ಸುತ್ತುತ್ತದೆ! ಇಲ್ಲೇ ಹುಟ್ಟಿದ್ದಾದರೆ ಹಾಗೆ ಸುತ್ತುವುದು ಕಷ್ಟ ಅಲ್ವಾ? ಹಾಗಾಗಿ ಕ್ಷೀರಪಥ ಹಿಂದೆ ಒಂದು ಗ್ಯಾಲಕ್ಸಿಯನ್ನು ನುಂಗಿತು, ಉಳಿದ ತಿರುಳೇ ಇದು ಅಂತ ಹೇಳುತ್ತಾರೆ.

ಆದರೂ ಇದು ಊಹೆಯ ಸಾಕ್ಷಿ. ನನಗೆ ಜಾಸ್ತಿ ಇಷ್ಟವಾಗುವುದು ಎಂ54 ಅನ್ನುವ ಇನ್ನೊಂದು ಗೋಳಗುಚ್ಛ, ಅಲ್ಲಿ ನುಂಗುವ ಕೆಲಸ ಇನ್ನೂ ನಡೆಯುತ್ತಿದೆ. 1778ರಲ್ಲಿ ಫ್ರೆಂಚ್ ಖಗೋಳಜ್ಞ ಮೆಸ್ಸಿಯೇ ಇದನ್ನು ತನ್ನ ಪಟ್ಟಿಗೆ ಸೇರಿಸಿದ. ಅದರ ಸುತ್ತ ಒಂದು ಕುಬ್ಜ ಗ್ಯಾಲಕ್ಸಿಯೇ ಹರಡಿಕೊಂಡಿದೆ ಅಂತ ಗೊತ್ತಾಗಿದ್ದು 1994ರಲ್ಲಿ. ಕ್ಷೀರಪಥದ ಸೆಳೆತಕ್ಕೆ ಅದರ ಬಿಡಿ ನಕ್ಷತ್ರಗಳು ಕಿತ್ತು ಬಂದು ಆಕಾಶದ ಸುತ್ತ ಪಟ್ಟಿಯಾಗಿ ಚಾಚಿವೆ. ಒತ್ತಾಗಿ ಕಟ್ಟಿಕೊಂಡ ಗುಚ್ಛಗಳು ಮಾತ್ರ ಅಷ್ಟು ಸುಲಭಕ್ಕೆ ಬಿಚ್ಚಿಕೊಳ್ಳುವುದಿಲ್ಲ. ನಕ್ಷತ್ರಗಳ ಜಾಗ, ಚಲನೆ ಅಳೆದ ಗಯಾ ಉಪಗ್ರಹದಿಂದ 2018ರಲ್ಲಿ ಕ್ಷೀರಪಥ ನುಂಗಿದ ಇನ್ನೂ ದೊಡ್ಡ ಗ್ಯಾಲಕ್ಸಿಯ ಗುರುತು ಸಿಕ್ಕಿತು, ಆ ಬೇಟೆ ಸುಮಾರು 1,000 ಕೋಟಿ ವರ್ಷ ಹಿಂದಿನದು.

ಎಂ54 ನೋಡಬೇಕಾದರೆ ಅಕ್ಟೋಬರ್‌ನಲ್ಲಿ ಮಳೆ ಬಿಟ್ಟ ಮೇಲೆ, ಕತ್ತಲಾದ ಕೂಡಲೇ. ಉತ್ತರಾಷಾಢದ ಕೆಳಗಿನ ನಕ್ಷತ್ರದ ಪಕ್ಕದಲ್ಲೇ ಇದೆ. ಎಷ್ಟು ಪವರ್ ಹಾಕಿದರೂ ಮಸುಕು ಚುಕ್ಕೆಯೇ. ಸುಮ್ನೆ ಟೆಲಿಸ್ಕೋಪ್ ಬೈಬೇಡಿ, ಅದು ಇರುವುದೇ ಸುಮಾರು 87,000 ಜ್ಯೋತಿರ್ವರ್ಷ ದೂರದಲ್ಲಿ.